ಮೂರು ತುಂಡಿನ ಗೋಡೆಗೆ ಒಂದೇ ಐಡಿ

12 ಮಾರ್ಚ್ 2025, ಬುಧವಾರ

ಹಳೆಯ ಕೋಟೆಗೋಡೆಯೊಂದು ಮೂರು ತುಂಡಾಗಿ ಉಳಿದಿದೆ ಎಂದಿಟ್ಟುಕೊಳ್ಳಿ: 120, 80 ಮತ್ತು 45 ಮೀಟರ್. ನಡುವೆ 30 ಮೀಟರ್, ಆಮೇಲೆ 200 ಮೀಟರ್ ಬಯಲು. ಹೆಸರು ಒಂದೇ, ಕಟ್ಟಿದ ಕಾಲವೂ ಒಂದೇ. ಇದನ್ನು ಡಿಜಿಟಲ್ ನಕ್ಷೆಯ ದತ್ತಾಂಶದಲ್ಲಿ ಒಂದೇ ಐಡಿಯ (ಗುರುತಿನ ಸಂಖ್ಯೆಯ) ಒಂದೇ ವಸ್ತುವಾಗಿ ಇಡಬೇಕು.

ಬಯಲಿನ ಮೇಲೂ ಗೆರೆ ಎಳೆದು ಸೇರಿಸಿಬಿಡುವವರಿದ್ದಾರೆ. ಅದು ತಪ್ಪು. 245 ಮೀಟರ್ ಗೋಡೆ 475 ಆಗಿಬಿಡುತ್ತದೆ, ಜನ ಓಡಾಡುವ ಕಡೆ ಇಲ್ಲದ ಗೋಡೆ ಅಡ್ಡ ಬರುತ್ತದೆ. ಖಾಲಿ ಜಾಗವೂ ಅಳೆದು ತಂದ ಮಾಹಿತಿಯೇ.

ತುಂಡುಗಳಿಗೆಲ್ಲ ಒಂದೇ ವಿವರವಿದ್ದರೆ ಹಲವು ಗೆರೆಗಳನ್ನು ಒಟ್ಟಿಗೆ ಹಿಡಿಯುವ ಮಲ್ಟಿಲೈನ್‌ಸ್ಟ್ರಿಂಗ್ ಎಂಬ ಬಗೆ ಸಾಕು: ಒಂದು ದಾಖಲೆ, ಒಂದು ಐಡಿ, ಒಳಗೆ ಮೂರು ಗೆರೆ. ಶೇಪ್‌ಫೈಲ್ ಎಂಬ ನಕ್ಷೆ ಕಡತದ ಪಾಲಿಲೈನ್ ಕೂಡ ಹಲವು ತುಂಡು ಹಿಡಿಯುತ್ತದೆ. 180 ಡಿಗ್ರಿ ರೇಖಾಂಶ ದಾಟುವ ಗೆರೆಯನ್ನು ಅಲ್ಲೇ ಕತ್ತರಿಸಿ ಮಲ್ಟಿಲೈನ್‌ಸ್ಟ್ರಿಂಗ್ ಮಾಡಿ ಎಂದು ಜಿಯೋಜೇಸನ್ ಎಂಬ ನಕ್ಷೆ ಕಡತದ ಮಾದರಿಗೆ 2016ರಲ್ಲಿ ಬಂದ ಮಾನದಂಡ ಆರ್‌ಎಫ್‌ಸಿ 7946 ಹೇಳುತ್ತದೆ. ಆದರೆ ಒಂದೊಂದು ತುಂಡಿನ ಎತ್ತರ, ಸ್ಥಿತಿ ಬೇರೆಯಾದರೆ ಎರಡು ಟೇಬಲ್ ಮಾಡಿ. ತುಂಡುಗಳ ಟೇಬಲ್‌ನಲ್ಲಿ ಗೆರೆ ಮತ್ತು ಎತ್ತರ, ಗೋಡೆಯ ಟೇಬಲ್‌ನಲ್ಲಿ ಹೆಸರು ಮತ್ತು ಕಾಲ, ಎರಡನ್ನೂ ಹೊಂದಿಸಲು ಗೋಡೆಯ ಐಡಿ.

ಜನರೇ ಸೇರಿ ಕಟ್ಟುವ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಮಲ್ಟಿಲೈನ್‌ಸ್ಟ್ರಿಂಗ್ ಎಂಬುದಿಲ್ಲ. ಅಲ್ಲಿರುವ ‘ವೇ’ ಎಂಬುದು ಹರಿಯದ ಒಂದೇ ಗೆರೆ, ಅದರಲ್ಲಿ ಹೆಚ್ಚೆಂದರೆ 2000 ನೋಡ್ (ಬಿಂದು). ಹಾಗಾಗಿ ಹಲವು ವೇ ಕೂಡಿಸಿ ಹಿಡಿಯುವ ರಿಲೇಶನ್ ಬೇಕು. ಆದರೆ ನಕ್ಷೆ ಬಿಡಿಸುವ ತಂತ್ರಾಂಶಗಳು ಗುರುತಿಸುವ ರಿಲೇಶನ್ ಬಗೆಗಳು ಕೆಲವೇ. ಹೆಸರನ್ನು ಪ್ರತಿ ವೇ ಮೇಲೂ ಇಡುವುದು ಕ್ಷೇಮ. ಊರಿನ ಗೋಡೆಗಳನ್ನೆಲ್ಲ ಒಂದು ರಿಲೇಶನ್‌ಗೆ ತುಂಬಬೇಡಿ, ರಿಲೇಶನ್ ಇರುವುದು ವರ್ಗೀಕರಣಕ್ಕಲ್ಲ.

ನಕ್ಷೆಯ ದತ್ತಾಂಶ ಇಡುವ ಡೇಟಾಬೇಸ್ ಪೋಸ್ಟ್‌ಜಿಐಎಸ್‌ನಲ್ಲಿ ಐಡಿ ಪ್ರಕಾರ ಗುಂಪು ಮಾಡಿ, ತುಂಡುಗಳನ್ನು ಒಟ್ಟುಗೂಡಿಸುವ ಎಸ್‌ಟಿ_ಕಲೆಕ್ಟ್, ಅದರ ಮೇಲೆ ಗೆರೆಗಳನ್ನು ಜೋಡಿಸುವ ಎಸ್‌ಟಿ_ಲೈನ್‌ಮರ್ಜ್ ನಡೆಸಿ. ನಿಜವಾಗಿ ಕೂಡಿದವು ಒಂದಾಗುತ್ತವೆ, ಕೂಡದವು ತುಂಡಾಗಿಯೇ ಉಳಿಯುತ್ತವೆ. ಫಲಿತಾಂಶ ಒಮ್ಮೆ ಲೈನ್‌ಸ್ಟ್ರಿಂಗ್ (ಒಂಟಿ ಗೆರೆ), ಒಮ್ಮೆ ಮಲ್ಟಿ ಆಗುವುದರಿಂದ ಒಂದೇ ಬಗೆಗೆಂದು ಮಾಡಿದ ಕಾಲಂ ಒಪ್ಪದೆ ದೋಷ ಬರುತ್ತದೆ. ಕಾಲಂ ಅನ್ನು ಮಲ್ಟಿ ಮಾಡಿ, ಎಲ್ಲವನ್ನೂ ಒಂಟಿ ಗೆರೆಯನ್ನೂ ಮಲ್ಟಿ ಮಾಡುವ ಎಸ್‌ಟಿ_ಮಲ್ಟಿ ಮೂಲಕ ದಾಟಿಸಿ. ಮೂರು ತುಂಡಿನ ಬದಲು ನಾಲ್ಕು ಬಂದರೆ ತುದಿಗಳನ್ನು ನೋಡಿ. ಡಿಗ್ರಿಯ ಏಳನೇ ದಶಮಾಂಶದಲ್ಲಿ ಒಂದಂಕಿ ತಪ್ಪಿದರೂ, ಅಂದರೆ ಸುಮಾರು ಒಂದು ಸೆಂಟಿಮೀಟರ್, ಪರದೆಯ ಮೇಲೆ ಕೂಡಿದಂತೆ ಕಾಣುವ ಗೆರೆಗಳು ಕೂಡಿರುವುದಿಲ್ಲ. ಮೊದಲು ಸ್ನ್ಯಾಪ್ ಮಾಡಿ (ತುದಿಗಳನ್ನು ಒಂದೇ ಬಿಂದುವಿಗೆ ಕೂರಿಸಿ), ಆಮೇಲೆ ಮರ್ಜ್. ಮೂರು ಗೆರೆ ಸೇರುವ ಕವಲಿನಲ್ಲಿ ಮರ್ಜ್ ತಾನಾಗಿಯೇ ನಿಲ್ಲುತ್ತದೆ, ಅದು ದೋಷವಲ್ಲ.

ಹೆಚ್ಚು ಗೊಂದಲ ಬರುವುದು ದೂರ ಹೇಳುವಾಗ. ‘150ನೇ ಮೀಟರ್‌ನಲ್ಲಿ ಕಲ್ಲು ಜರುಗಿದೆ’ ಎಂದರೆ ಎಲ್ಲಿ? ಗೋಡೆಯನ್ನಷ್ಟೇ ಎಣಿಸಿದರೆ ಎರಡನೇ ತುಂಡಿನಲ್ಲಿ 30 ಮೀಟರ್ ಒಳಗೆ. ಬಯಲನ್ನೂ ಎಣಿಸಿದರೆ ಆ ತುಂಡಿನ ಮೊದಲ ಕಲ್ಲೇ. ಬಿಂದುವೊಂದು ಗೆರೆಯ ಮೇಲೆ ಎಲ್ಲಿದೆ ಎಂದು ಹೇಳುವ ಎಸ್‌ಟಿ_ಲೈನ್‌ಲೊಕೇಟ್‌ಪಾಯಿಂಟ್ ಇಲ್ಲಿ ನೆರವಿಗೆ ಬರುವುದಿಲ್ಲ, ಅದಕ್ಕೆ ಒಂಟಿ ಗೆರೆಯೇ ಬೇಕು. ಬಯಲನ್ನೂ ಎಣಿಸುವುದೇ ಸರಿ. ನಾಳೆ ಹೂತುಹೋದ ಭಾಗ ಅಗೆದಾಗ ಸಿಕ್ಕರೂ ಹಳೆಯ ಅಂಕಿಗಳು ಅಲುಗುವುದಿಲ್ಲ. ಅದಕ್ಕಾಗಿ ಎಂ ಮೌಲ್ಯ (ಗೆರೆಯ ಬಿಂದುಗಳಿಗೆ ಅಂಟಿಸುವ ದೂರದ ಅಂಕಿ) ಕೊಡಿ: ಮೊದಲ ತುಂಡಿಗೆ 0ರಿಂದ 120, ಎರಡನೆಯದಕ್ಕೆ 150ರಿಂದ 230, ಮೂರನೆಯದಕ್ಕೆ 430ರಿಂದ 475. ಇದನ್ನು ತುಂಡು ತುಂಡಾಗಿಯೇ ಮಾಡಬೇಕು. ಇಡೀ ಮಲ್ಟಿಗೆ ಒಮ್ಮೆಲೇ ಎಂ ತುಂಬುವ ಎಸ್‌ಟಿ_ಆ್ಯಡ್‌ಮೆಷರ್ ಕೊಟ್ಟರೆ ನಡುವಿನ ಬಯಲು ಲೆಕ್ಕಕ್ಕೇ ಬರುವುದಿಲ್ಲ. ಮರ್ಜ್ ಆದ ಮೇಲೆಯೇ ಎಂ ಹಾಕಿ, ಏಕೆಂದರೆ ಲೈನ್‌ಮರ್ಜ್ ಎಂ ಮೌಲ್ಯವನ್ನು ಕಿತ್ತುಹಾಕುತ್ತದೆ. ಆಮೇಲೆ ಎಂ ಮೌಲ್ಯದಿಂದ ಜಾಗ ಹುಡುಕುವ ಎಸ್‌ಟಿ_ಲೊಕೇಟ್‌ಅಲಾಂಗ್‌ಗೆ 160 ಕೊಟ್ಟರೆ ಎರಡನೇ ತುಂಡಿನ ಹತ್ತನೇ ಮೀಟರ್ ಸಿಗುತ್ತದೆ. 300 ಕೊಟ್ಟರೆ ಖಾಲಿ ಉತ್ತರ ಬರುತ್ತದೆ, ಅಲ್ಲಿ ಗೋಡೆಯೇ ಇಲ್ಲ.