'ಫ್ರಮ್ ಸ್ಕ್ರ್ಯಾಚ್': ಗೆರೆಯಿಂದ ಹೊರಟವರ ಮಾತು

ಇಂಗ್ಲಿಷಿನಲ್ಲಿ ಆರಂಭವನ್ನು ಸೂಚಿಸುವ ನುಡಿಗಟ್ಟುಗಳ ಪೈಕಿ ನನಗೆ ಬಹಳ ಇಷ್ಟವಾದದ್ದು 'ಫ್ರಮ್ ಸ್ಕ್ರ್ಯಾಚ್'. ನಮ್ಮಲ್ಲಿ ಅನೇಕರು ಇದನ್ನು 'ಮೊದಲಿನಿಂದ' ಎಂಬಷ್ಟಕ್ಕೇ ಬಳಸುತ್ತಾರೆ. ಅದರ ತಿರುಳಿರುವುದು ಸಿದ್ಧವಾದ ಯಾವುದರ ನೆರವೂ ಇಲ್ಲದೆ ತೊಡಗುವುದರಲ್ಲಿ.

ಈ ಅರ್ಥ ಬಂದದ್ದು ಆಟದ ಮೈದಾನದಿಂದ. ಓಟ ಆರಂಭವಾಗುವ ಕಡೆ ನೆಲದ ಮೇಲೆ ಗೀರಿದ ಗೆರೆಯನ್ನು ಸ್ಕ್ರ್ಯಾಚ್ ಎನ್ನುತ್ತಿದ್ದರು. ಹ್ಯಾಂಡಿಕ್ಯಾಪ್ ಓಟಗಳಲ್ಲಿ ಪ್ರತಿಯೊಬ್ಬರ ಸಾಮರ್ಥ್ಯವನ್ನು ಅಂದಾಜು ಮಾಡಿ, ನಿಧಾನವಾಗಿ ಓಡುವವರನ್ನು ಆ ಗೆರೆಗಿಂತ ಕೆಲವು ಮೀಟರ್ ಮುಂದೆ ನಿಲ್ಲಿಸುತ್ತಾರೆ. ಎಲ್ಲರಿಗಿಂತ ಬಲಶಾಲಿಯಾದವನು ಮಾತ್ರ ಯಾವ ರಿಯಾಯಿತಿಯೂ ಇಲ್ಲದೆ ಗೆರೆಯಿಂದಲೇ ಹೊರಡಬೇಕು. ಅಂದರೆ ಇಂದು ಬರಿಗೈಯನ್ನು ನೆನಪಿಸುವ ಈ ಮಾತು ಮೂಲದಲ್ಲಿ ಸಮರ್ಥನ ಗುರುತಾಗಿತ್ತು. ಗಾಲ್ಫ್‌ನಲ್ಲಿ ಆ ಗೌರವ ಈಗಲೂ ಉಳಿದಿದೆ: ಸೊನ್ನೆ ಹ್ಯಾಂಡಿಕ್ಯಾಪ್ ಇರುವ ನುರಿತ ಆಟಗಾರನೇ ಅಲ್ಲಿ 'ಸ್ಕ್ರ್ಯಾಚ್ ಗಾಲ್ಫರ್'.

ಗೆರೆಯಿಂದ ಹೊರಟು ಗೆಲ್ಲುವುದು ಎಷ್ಟು ಕಷ್ಟ ಎಂಬುದನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಈಸ್ಟರ್ ಹಬ್ಬದ ಹೊತ್ತಿಗೆ ನಡೆಯುವ ಸ್ಟಾವೆಲ್ ಗಿಫ್ಟ್ ಓಟ ತೋರಿಸುತ್ತದೆ. 1878ರಲ್ಲಿ ಆರಂಭವಾದ, ಈಗ ಹುಲ್ಲಿನ ಮೇಲೆ 120 ಮೀಟರ್ ಓಡುವ ಈ ಸ್ಪರ್ಧೆಯನ್ನು ಸ್ಕ್ರ್ಯಾಚ್‌ನಿಂದ ಮೊದಲು ಗೆದ್ದವರು ಮಡಗಾಸ್ಕರ್‌ನ ಜ್ಯಾಂ ಲೂಯಿ ರಾವೆಲೋಮನಾಂತ್ಸೋವಾ, ಅದೂ 1975ರಲ್ಲಿ. ಮುಂದೆ ನಿಂತವರೆಲ್ಲರನ್ನೂ ಅಷ್ಟು ಕಡಿಮೆ ದೂರದಲ್ಲಿ ಹಿಂದಿಕ್ಕಿದ ಆ ಓಟಗಾರನ ಬಗ್ಗೆ ಓದಿದ ಮೇಲೆ ಈ ನುಡಿಗಟ್ಟು ನನಗೆ ಬೇರೆಯೇ ತೂಕದ್ದಾಗಿ ಕೇಳಿಸುತ್ತದೆ.

ಬಳಕೆಯ ವಿಷಯಕ್ಕೆ ಬಂದರೆ, ಪೆಟ್ಟಿಗೆಯ ಸಿದ್ಧ ಮಿಶ್ರಣವನ್ನು ತಂದು ಕಲಸದೆ ಹಿಟ್ಟು, ಬೆಣ್ಣೆ, ಸಕ್ಕರೆಗಳಿಂದಲೇ ಕೇಕ್ ಮಾಡಿದರೆ ಅದು 'ಮೇಡ್ ಫ್ರಮ್ ಸ್ಕ್ರ್ಯಾಚ್'. ಅಂಗಡಿಯ ಪುಡಿ ತರದೆ ಧನಿಯಾ, ಮೆಣಸಿನಕಾಯಿ ಹುರಿದು ಸಾರಿನ ಪುಡಿ ಮಾಡಿಕೊಳ್ಳುವವರಿಗೂ ಈ ಮಾತು ಸಲ್ಲುತ್ತದೆ. ಬೇರೆಯವರ ಕೋಡ್ ಎತ್ತಿಕೊಳ್ಳದೆ ತಂತ್ರಾಂಶ ಬರೆಯುವುದು, ಯಾವ ಪರಿಚಯವೂ ಇಲ್ಲದ ಭಾಷೆಯನ್ನು ಕಲಿಯಲು ಕೂರುವುದು ಕೂಡ ಹಾಗೆಯೇ. ನಮ್ಮ ಕಡೆ ಆಗಾಗ ಕೇಳಿಬರುವ 'ಫ್ರಮ್ ದ ಸ್ಕ್ರ್ಯಾಚ್' ಸರಿಯಾದ ಪ್ರಯೋಗವಲ್ಲ. ನಡುವೆ 'ದ' ಬರುವುದಿಲ್ಲ. ಇದನ್ನು 'ಬ್ಯಾಕ್ ಟು ಸ್ಕ್ವೇರ್ ಒನ್' ಜೊತೆಗೂ ಬೆರೆಸಬಾರದು. ಮಾಡಿದ ಯತ್ನ ಕೆಟ್ಟು, ಹೊರಟ ಜಾಗಕ್ಕೇ ಮರಳಿ ಬಂದಾಗ ಹೇಳುವ ಮಾತು ಅದು. 'ಫ್ರಮ್ ಸ್ಕ್ರ್ಯಾಚ್' ಎನ್ನಲು ಹಿಂದೆ ಸೋತಿರಬೇಕಾಗಿಲ್ಲ.