ರಾಗಿ ಗಂಜಿ ತೆಳ್ಳಗಾಗುವ ಹೊತ್ತು

ಮನೆಯಲ್ಲಿ ಬಿಯರ್ ಮಾಡುವುದು ಹೇಗೆ ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ ಮಾತು. ಮಷೀನು ಆಮೇಲೆ ತಗೊಳ್ಳಿ, ಮೊದಲು ಒಲೆ ಮೇಲೆ ಒಂದು ದೊಡ್ಡ ಪಾತ್ರೆ ಇಡಿ.

ನಾವಿರುವುದು ಅಮೆರಿಕದ ಆರೆಗನ್‌ನಲ್ಲಿ, ಪೋರ್ಟ್‌ಲೆಂಡ್ ಪಕ್ಕ. ಇಲ್ಲಿ ಬಿಯರ್ ಮಾಡುವ ಹವ್ಯಾಸ ಜಾಸ್ತಿ. ಸ್ನೇಹಿತರೊಬ್ಬರ ಮನೆಯಲ್ಲಿ ಕೌಂಟರ್ ಮೇಲಿಡುವ ಮಷೀನಿದೆ. ಮೈಕ್ರೋವೇವ್ ಇಡುವಷ್ಟು ಜಾಗ ಸಾಕು ಅದಕ್ಕೆ. ಮಾಲ್ಟ್ (ಮೊಳಕೆ ಬಾರ್ಲಿ) ಒಂದು ಕಡೆ, ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಇನ್ನೊಂದು ಕಡೆ ತುಂಬಿ ಬಟನ್ ಒತ್ತಿದರೆ ಮುಂದಿನ ಕಾಯಿಸುವುದು, ಕುದಿಸುವುದು ಎಲ್ಲ ಅದರದ್ದೇ. ಬಿಯರ್ ಚೆನ್ನಾಗಿಯೇ ಬರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದು, ಒಲೆ ಮುಂದೆ ನಿಲ್ಲಲು ಪುರಸೊತ್ತಿಲ್ಲದವರಿಗೆ ಅದು ವರವೇ ಸರಿ. ಆದರೆ ಬಿಯರಿನ ಜೀವ ಇರುವುದು ಮ್ಯಾಶ್‌ನಲ್ಲಿ. ಮಷೀನಿನಲ್ಲಿ ಆ ಒಂದು ಗಂಟೆ ಮುಚ್ಚಳದೊಳಗೇ ಕಳೆದುಹೋಗುತ್ತದೆ. ನನಗೆ ಅದನ್ನು ಕಣ್ಣಾರೆ ನೋಡಬೇಕು.

ಮ್ಯಾಶ್ ಅಂದರೆ ಇಷ್ಟೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ತರಿತರಿಯಾಗಿ ಒಡೆದು ಬಿಸಿ ನೀರಿನಲ್ಲಿ ಒಂದು ಗಂಟೆ ಇಡುವುದು. ತಿಪಟೂರಿನ ಕಡೆಯಿಂದ ಬಂದ ನನಗೆ ಇದು ಹೊಸದೇನಲ್ಲ. ನಮ್ಮಮ್ಮ ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿದು ಮಕ್ಕಳಿಗೆ ಸರಿ ಮಾಡುತ್ತಿದ್ದರು. ಮೊಳಕೆ ಹಿಟ್ಟಿನ ಸರಿ ಬರೀ ರಾಗಿ ಹಿಟ್ಟಿನದರಷ್ಟು ಗಟ್ಟಿಯಾಗುವುದಿಲ್ಲ, ನೋಡಿರುತ್ತೀರಿ. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹುಟ್ಟಿಕೊಳ್ಳುತ್ತದೆ. ಅದು ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ. ಸರಿ ತೆಳ್ಳಗಿರುತ್ತದೆ, ಹಿಟ್ಟು ಜಾಸ್ತಿ ಹಿಡಿಸುತ್ತದೆ, ಮಗುವಿನ ಪುಟ್ಟ ಹೊಟ್ಟೆಗೂ ಬಲ ಸಿಗುತ್ತದೆ. ಬಿಯರ್ ಶುರುವಾಗುವುದೂ ಇದೇ ಕಿಣ್ವದಿಂದ.

ಅದಕ್ಕೇ ನನ್ನ ಬಿಯರಿಗೆ ರಾಗಿ ಬೇಕೇ ಬೇಕು. ಹತ್ತು ಲೀಟರಿಗೆ 2 ಕೆಜಿ ಪೇಲ್ ಮಾಲ್ಟ್ (ತಿಳಿ ಬಣ್ಣದ ಮಾಲ್ಟ್), 300 ಗ್ರಾಂ ಇಂಡಿಯನ್ ಸ್ಟೋರಿನ ಮಾಮೂಲಿ ರಾಗಿ ಹಿಟ್ಟು. ರಾಗಿಯ ಪಿಷ್ಟ ಅರಳಲು ಬಾರ್ಲಿಗಿಂತ ಹೆಚ್ಚು ಬಿಸಿ ಬೇಕು. ಹಾಗಾಗಿ ಹಿಟ್ಟನ್ನು ಬೇರೆಯಾಗಿ ಗಂಜಿ ಕಾಯಿಸಿ ಬೇಯಿಸಿಕೊಳ್ಳುತ್ತೇನೆ. ಇನ್ನೊಂದು ಪಾತ್ರೆಯಲ್ಲಿ ನೀರು 70 ಡಿಗ್ರಿ ಮುಟ್ಟಿದಾಗ ದೊಡ್ಡ ಬಟ್ಟೆ ಚೀಲ ಇಳಿಬಿಟ್ಟು, ಅದರೊಳಗೆ ಮಾಲ್ಟ್ ಸುರಿದು, ಗಂಟು ಕಟ್ಟದ ಹಾಗೆ ತಿರುವುತ್ತೇನೆ. ಗಂಜಿ ಸ್ವಲ್ಪ ಆರಿದ ಮೇಲೆ ಅದನ್ನೂ ಚೀಲಕ್ಕೇ ಸೇರಿಸುತ್ತೇನೆ. ಎಲ್ಲ ಸೇರಿ 66-67 ಡಿಗ್ರಿಯಲ್ಲಿ ನಿಂತರೆ ಸರಿ.

ಆಮೇಲೆ ನೋಡಬೇಕು. ಸೌಟಿಗೆ ಅಂಟಿಕೊಂಡು ಬರುತ್ತಿದ್ದ ಗಂಜಿ ಹತ್ತು ಹದಿನೈದು ನಿಮಿಷದಲ್ಲಿ ಸಡಿಲವಾಗುತ್ತದೆ. ಮೇಲಿನ ನೀರು ಮೊದಲು ಹಾಲು ಬೆರೆಸಿದಂತೆ ಮಸುಕಾಗಿರುತ್ತದೆ, ನಿಧಾನಕ್ಕೆ ತಿಳಿಯಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಒಂದು ಚಮಚ ಆರಿಸಿ ಬಾಯಿಗೆ ಹಾಕಿಕೊಂಡರೆ ಮೊದಲು ಹಿಟ್ಟಿನ ರುಚಿ, ಅರ್ಧ ಗಂಟೆ ಬಿಟ್ಟರೆ ಸಿಹಿ. ಒಂದು ಚಿಟಿಕೆ ಸಕ್ಕರೆ ಹಾಕಿಲ್ಲ! ನಾಲಿಗೆ ಮೇಲೆ ನಂಬಿಕೆ ಸಾಲದಿದ್ದರೆ ಅಯೋಡಿನ್ ಇದೆ. ಬಿಳಿ ತಟ್ಟೆ ಮೇಲೆ ಒಂದು ಹನಿ ತಿಳಿ ಇಟ್ಟು, ಪಕ್ಕದಲ್ಲಿ ಒಂದು ಹನಿ ಅಯೋಡಿನ್ ಬಿಟ್ಟು, ಎರಡನ್ನೂ ಕಡ್ಡಿಯಿಂದ ಸೇರಿಸಿ. ಪಿಷ್ಟ ಉಳಿದಿದ್ದರೆ ಕಪ್ಪುನೀಲಿ ಆಗುತ್ತದೆ. ಎಲ್ಲ ಸಕ್ಕರೆಯಾಗಿದ್ದರೆ ಅಯೋಡಿನ್ನಿನ ಬಣ್ಣ ಹಾಗೇ ಇರುತ್ತದೆ. ಹನಿಯಲ್ಲಿ ಹೊಟ್ಟು ಬರದ ಹಾಗೆ ನೋಡಿಕೊಳ್ಳಿ, ಹೊಟ್ಟಿದ್ದರೆ ಸುಮ್ನೆ ಕಪ್ಪಾಗುತ್ತದೆ.

ಬಿಸಿ ಎಷ್ಟಿರಬೇಕು ಅನ್ನುವುದರ ಮೇಲೆ ಬಿಯರಿನ ಗುಣವೇ ನಿಂತಿದೆ. 63-64ರ ಆಸುಪಾಸಿನಲ್ಲಿಟ್ಟರೆ ಯೀಸ್ಟ್ ಪೂರ್ತಿ ತಿಂದು ಮುಗಿಸುವಂಥ ಸಕ್ಕರೆ ಜಾಸ್ತಿ ಬಂದು ಬಿಯರ್ ಹಗುರವಾಗುತ್ತದೆ. 69-70ಕ್ಕೆ ಏರಿಸಿದರೆ ಯೀಸ್ಟಿಗೆ ದಕ್ಕದ್ದು ಉಳಿದು ಬಾಯಿ ತುಂಬುವ ಬಿಯರ್ ಆಗುತ್ತದೆ. 80 ದಾಟಿಸಿದಿರೋ, ಕಿಣ್ವ ಸತ್ತಿತು, ಅಲ್ಲಿಗೆ ಮುಗಿಯಿತು. ಐದಾರು ಡಿಗ್ರಿಯಲ್ಲಿ ಇಷ್ಟು ವ್ಯತ್ಯಾಸ ಅಂತ ಕೈಯಾರೆ ಮಾಡಿದವರಿಗೇ ಗೊತ್ತಾಗುವುದು, ಅಲ್ವಾ? ಇಷ್ಟು ತಿಳಿದ ಮೇಲೆ ಮಷೀನ್ ತಗೊಂಡರೆ ಅದಕ್ಕೆ ಯಾವ ನಂಬರ್ ಕೊಡಬೇಕು ಅನ್ನುವುದಾದರೂ ನಿಮ್ಮ ಕೈಲಿರುತ್ತದೆ.

ಗಂಟೆ ಆದ ಮೇಲೆ ಚೀಲ ಎತ್ತಿ ಸೋರಲು ಬಿಟ್ಟು, ಉಳಿದ ರಸವನ್ನು ಒಂದು ಗಂಟೆ ಕುದಿಸಬೇಕು. ಕುದಿ ಬಂದಾಗ 15 ಗ್ರಾಂ ಹಾಪ್ಸ್ ಕಹಿಗೆ, ಇಳಿಸುವಾಗ ಇನ್ನು 15 ಗ್ರಾಂ ಪರಿಮಳಕ್ಕೆ. ನಾನು ಹಾಕುವುದು ಕ್ಯಾಸ್ಕೇಡ್. ಇಲ್ಲೇ ಆರೆಗನ್‌ನಲ್ಲಿ ಬೆಳೆಸಿದ ತಳಿ ಅದು, 1972ರಲ್ಲಿ ಬಿಡುಗಡೆಯಾಯಿತು. ಹೂವನ್ನು ಅಂಗೈಯಲ್ಲಿ ಉಜ್ಜಿದರೆ ಹಳದಿ ಪುಡಿ ಅಂಟುತ್ತದೆ, ಚಕ್ಕೋತ ಸಿಪ್ಪೆಯ ವಾಸನೆ ಬರುತ್ತದೆ. ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಹಾಪ್ಸ್ ಕೊಯ್ಲು. ಆಗ ಒಣಗಿಸದ ಹಸಿ ಹೂವೇ ಸಿಕ್ಕರೆ ಬಿಡಬೇಡಿ. ಕೊಯ್ದ ಮಾರನೆಯ ದಿನದೊಳಗೆ ಹಾಕಿಬಿಡಬೇಕು, ಒಣಗಿದ್ದಕ್ಕಿಂತ ನಾಲ್ಕೈದು ಪಟ್ಟು ಜಾಸ್ತಿ ಬೇಕಾಗುತ್ತದೆ. ಆ ಬಿಯರಿನ ಘಮ ವರ್ಷದ ಬೇರೆ ಯಾವ ತಿಂಗಳಲ್ಲೂ ಸಿಗುವುದಿಲ್ಲ.

ಕುದಿಸಿದ್ದನ್ನು ಬೇಗ ಆರಿಸಿ, 20 ಡಿಗ್ರಿಗೆ ಇಳಿಸಿ, ಯೀಸ್ಟ್ ಹಾಕಿ ಮುಚ್ಚಿಡಿ. ಇಲ್ಲಿಂದ ಮುಂದೆ ಸ್ವಚ್ಛತೆಯೇ ಎಲ್ಲ. ಎರಡು ವಾರಕ್ಕೆ ಹೈಡ್ರೋಮೀಟರ್ (ರಸದ ಸಾಂದ್ರತೆ ಅಳೆಯುವ ಸಾಧನ) 1.046ರಿಂದ 1.010ಕ್ಕೆ ಇಳಿದಿದ್ದರೆ ಸುಮಾರು ಶೇ 4.7 ಆಲ್ಕೋಹಾಲ್. ಬಾಟಲಿಗೆ ತುಂಬುವಾಗ ಹತ್ತು ಲೀಟರಿಗೆ 60 ಗ್ರಾಂ ಸಕ್ಕರೆ. ನೊರೆ ಬರುವುದು ಅದರಿಂದಲೇ.

ಇದೆಲ್ಲ ಇಲ್ಲಿ ಮೊದಲಿನಿಂದಲೂ ಕಾನೂನುಬದ್ಧ ಅಂದುಕೊಳ್ಳಬೇಡಿ. 1933ರಲ್ಲಿ ಪಾನನಿಷೇಧ ತೆಗೆದರೂ ಮನೆಯಲ್ಲಿ ಬಿಯರ್ ಮಾಡಲು ಅನುಮತಿ ಸಿಗಲಿಲ್ಲ, ವೈನಿಗೆ ಮಾತ್ರ ಸಿಕ್ಕಿತು. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೇ ದೇಶದ ಕಾನೂನು ಬದಲಾಗಿದ್ದು. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್‌ವರೆಗೆ ತೆರಿಗೆ ಇಲ್ಲ. ಮಾರುವಂತಿಲ್ಲ.

ಫೋನಿನಲ್ಲಿ ಅಮ್ಮನಿಗೆ ವಿವರಿಸಿದಾಗ ಅವರು ಬಿಯರ್ ಬಗ್ಗೆ ಏನೂ ಕೇಳಲಿಲ್ಲ. "ಅಂಗಡಿ ಹಿಟ್ಟು ಯಾಕೆ ಹಾಕ್ತೀಯೇ? ಮೊಳಕೆ ನೀನೇ ಕಟ್ಟಬಾರದಾ?" ಅಂದರು. ಸರಿಯಾದ ಮಾತೇ. ಈ ಬೇಸಿಗೆಯಲ್ಲಿ ರಾಗಿಗೂ ಮೊಳಕೆ ಕಟ್ಟಿ ಮಾಡಬೇಕೆಂದಿದ್ದೇನೆ.

ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ಆದರೆ ಗಂಜಿ ತೆಳ್ಳಗಾಗುವುದನ್ನು ನೋಡಲು ಯಾರ ಅಪ್ಪಣೆಯೂ ಬೇಡ. ರಾಗಿ ಗಂಜಿ ಗಟ್ಟಿಯಾಗಿ ಕಾಯಿಸಿ, 65 ಡಿಗ್ರಿಗೆ ಆರಿಸಿ, ಎರಡು ಚಮಚ ಮೊಳಕೆ ರಾಗಿ ಹಿಟ್ಟು ಬೆರೆಸಿ, ಮುಚ್ಚಿಡಿ. ಹುರಿದ ಹಿಟ್ಟು ಬೇಡ, ಹುರಿದರೆ ಕಿಣ್ವ ಉಳಿಯುವುದಿಲ್ಲ. ಕಾಲು ಗಂಟೆ ಬಿಟ್ಟು ಸೌಟು ಹಾಕಿ ನೋಡಿ. ಅಯೋಡಿನ್ ಪರೀಕ್ಷೆ ಮಾಡಿದರೆ ಆ ತಟ್ಟೆಯದ್ದನ್ನು ಚೆಲ್ಲಿಬಿಡಿ, ಪಾತ್ರೆಯಲ್ಲಿರುವುದಕ್ಕೆ ಮಜ್ಜಿಗೆ, ಉಪ್ಪು ಹಾಕಿಕೊಂಡು ಕುಡಿಯಬಹುದು.