ಮಯೋರ್ಕಾದ ತಿಳಿಗೆಂಪು ವೈನ್

ಕೆಂಪು ವೈನ್ ಎಂದರೆ ಗಾಜಿನಾಚೆ ಏನೂ ಕಾಣದಷ್ಟು ಗಾಢವಾಗಿರಬೇಕು ಎಂಬ ನಂಬಿಕೆ ಪುಣೆಯ ನಮ್ಮ ಕನ್ನಡ ಗೆಳೆಯರ ಬಳಗದಲ್ಲಿ ಬಲವಾಗಿದೆ. ನಾಸಿಕದ ಶಿರಾಜ್ ಕುಡಿದು ರೂಢಿಯಾದವರಿಗೆ ಅದು ಸಹಜವೂ ಹೌದು. ಆದರೆ ಸ್ಪೇನಿನ ಮಯೋರ್ಕಾ ದ್ವೀಪದ ಸ್ವಂತ ದ್ರಾಕ್ಷಿ ತಳಿಗಳಾದ ಮಾಂತೊ ನೆಗ್ರೊ ಮತ್ತು ಕಾಯೆತ್‌ಗಳನ್ನು ಬಣ್ಣದಿಂದ ಅಳೆಯುವುದು ಅನ್ಯಾಯ ಎಂದು ನಾನು ದೃಢವಾಗಿ ನಂಬಿದ್ದೇನೆ.

ಮಾಂತೊ ನೆಗ್ರೊ ದ್ವೀಪದ ಬಿನಿಸ್ಸಾಲೆಮ್ ಊರಿನ ಸುತ್ತಲಿನ ಮುಖ್ಯ ತಳಿ. ಬಿಸಿಲಿಗೆ ಸಕ್ಕರೆ ತುಂಬಿಕೊಳ್ಳುವ ಈ ಹಣ್ಣಿನ ವೈನ್‌ಗೆ ಮದ್ಯಸಾರ ಹೆಚ್ಚು, ಬಣ್ಣ ಕಡಿಮೆ. ಕಾಯೆತ್ ಇದಕ್ಕಿಂತ ಹಗುರ. ಅದರಲ್ಲಿ ಕೆಂಪು ಹಣ್ಣುಗಳ ರುಚಿಯ ಜೊತೆಗೆ ಒಣಗಿದ ಕಾಡುಗಿಡಗಳ ಪರಿಮಳವೂ ಇದೆ, ನನಗೆ ಹೆಚ್ಚು ಪ್ರಿಯವಾದದ್ದು ಇದೇ.

ಇವು ಉಳಿದುಬಂದದ್ದೇ ದೊಡ್ಡ ಸಂಗತಿ. ಫ್ರಾನ್ಸಿನ ತೋಟಗಳು ಫಿಲೊಕ್ಸೆರಾ ಎಂಬ ಬೇರುಹೇನಿಗೆ ತುತ್ತಾದಾಗ ಮಯೋರ್ಕಾದ ವೈನ್‌ಗೆ ಬೇಡಿಕೆ ಏರಿತ್ತು. 1891ರಲ್ಲಿ ಅದೇ ಕೀಟ ದ್ವೀಪಕ್ಕೂ ಬಂದು ಬಳ್ಳಿಗಳನ್ನು ನಾಶಮಾಡಿತು, ಎಷ್ಟೋ ಹೊಲಗಳಲ್ಲಿ ದ್ರಾಕ್ಷಿಯ ಜಾಗಕ್ಕೆ ಬಾದಾಮಿ ಬಂತು. ಮತ್ತೆ ನೆಟ್ಟ ಬಳ್ಳಿಗಳನ್ನು ಆ ಕೀಟವನ್ನು ತಾಳಿಕೊಳ್ಳುವ ಅಮೆರಿಕದ ಬೇರಿಗೆ ಕಸಿ ಮಾಡಬೇಕಾಯಿತು. ವಿಜಯಪುರದ ಕಡೆ ದ್ರಾಕ್ಷಿ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅವರೂ ಡಾಗ್‌ರಿಡ್ಜ್ ಎಂಬ ಅಮೆರಿಕ ಮೂಲದ ಬೇರಿನ ಮೇಲೆಯೇ ಕಸಿ ಕಟ್ಟುತ್ತಾರೆ, ಆದರೆ ಅಲ್ಲಿ ಕಾರಣ ಬರ ಮತ್ತು ಉಪ್ಪು. ಸ್ಪೇನಿನದೇ ಕ್ಯಾನರಿ ದ್ವೀಪಗಳಿಗೆ ಮಾತ್ರ 2025ರವರೆಗೆ ಆ ಕೀಟ ತಟ್ಟಿರಲಿಲ್ಲ. ಅವುಗಳಲ್ಲೊಂದಾದ ತೆನೆರಿಫೆಯ ಒರೊತಾವಾ ಕಣಿವೆಯಲ್ಲಿ ಲಿಸ್ತಾನ್ ನೆಗ್ರೊ ಎಂಬ ತಳಿಯ ಬಳ್ಳಿಗಳು ತಮ್ಮದೇ ಬೇರಿನ ಮೇಲೆ ನಿಂತು, ಜಡೆಯಂತೆ ಹೆಣೆದ ಉದ್ದನೆಯ ಕೊಂಬೆಗಳಾಗಿ ಹಬ್ಬುತ್ತವೆ.

ಬಹುಕಾಲ ಕಾಯೆತ್ ಅಗ್ಗದ ವೈನ್‌ನ ಹಣ್ಣೆಂದೇ ಎಣಿಕೆಯಾಗಿತ್ತು. 1994ರಲ್ಲಿ ಆರಂಭವಾದ, ಮಯೋರ್ಕಾದ ಫೆಲಾನಿಚ್‌ನ ಆನಿಮಾ ನೆಗ್ರಾ ಎಂಬ ವೈನರಿ ಹಳೆಯ ಬಳ್ಳಿಗಳ ಕಾಯೆತ್ತನ್ನೇ ಮುಂದಿಟ್ಟು ಆ ಎಣಿಕೆಯನ್ನು ಬದಲಿಸಿತು. ಹೊರಗಿನ ಹೆಸರಾಂತ ತಳಿಗಳನ್ನು ನೆಡುವುದು ಸುಲಭವಾಗಿದ್ದ ಕಾಲದಲ್ಲಿ ಊರಿನ ಹಣ್ಣಿನ ಮೇಲೆ ಇಟ್ಟ ಈ ವಿಶ್ವಾಸವನ್ನು ನಾನು ತುಂಬ ಗೌರವಿಸುತ್ತೇನೆ.

ಏಪ್ರಿಲ್‌ನ ಪುಣೆಯಲ್ಲಿ ಇಂಥ ವೈನನ್ನು ಕೋಣೆಯ ಬಿಸಿಗೆ ಬಿಡದೆ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಬೇಕು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿಯ ಜೊತೆ ಕಾಯೆತ್ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಒಗರು ಕಡಿಮೆಯಿರುವುದರಿಂದ ಖಾರವನ್ನು ಅದು ಕೆರಳಿಸುವುದಿಲ್ಲ. ಮಾಂತೊ ನೆಗ್ರೊ ಗಾಳಿಗೆ ಬೇಗ ಕೆಡುವ ಸ್ವಭಾವದ್ದು. ತೆರೆದ ಬಾಟಲಿಯನ್ನು ಅಂದೇ ಮುಗಿಸುವುದು ಒಳ್ಳೆಯದು.